ಗುಂಡಿ ಹುಟ್ಟುವುದು ಡಾಂಬರಿನ ತಳದಲ್ಲಿ

ಪುಣೆಯಲ್ಲಿ ಮಳೆ ಹಿಡಿಯಿತೆಂದರೆ ನಾವು ಕನ್ನಡದವರು ಸೇರಿದ ಕಡೆಯೆಲ್ಲ ರಸ್ತೆ ಗುಂಡಿಯದೇ ಮಾತು. ಬೈಗುಳವೆಲ್ಲ ಮಳೆಗೆ. ಆದರೆ ಎಷ್ಟೋ ಗುಂಡಿಗಳ ಕೆಲಸ ಮಳೆಗೆ ಬಹಳ ಮೊದಲೇ, ಕಣ್ಣಿಗೆ ಕಾಣದ ಜಾಗದಲ್ಲಿ ಶುರುವಾಗಿರುತ್ತದೆ.

ಲಾರಿಯ ಚಕ್ರ ಹಾದಾಗ ಡಾಂಬರಿನ ಪದರ ತುಸುವೇ ಕೆಳಕ್ಕೆ ಬಾಗುತ್ತದೆ. ಆಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ಚಕ್ರ ದಾಟಿದ ಮೇಲೆ ಮತ್ತೆ ಮೊದಲಿನಂತಾಗುತ್ತದೆ. ಒಂದು ಲಾರಿಯಿಂದ ಏನೂ ಆಗದು. ಲಕ್ಷಗಟ್ಟಲೆ ಸಲ ಹೀಗೇ ಬಾಗಿದರೆ ಡಾಂಬರು ದಣಿಯುತ್ತದೆ. ತಳದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿ ಮೇಲಕ್ಕೆ ಹತ್ತುತ್ತದೆ. ನಾವು ನೋಡುವ ಹೊತ್ತಿಗೆ ಪದರ ಪೂರ್ತಿ ಸೀಳಿರುತ್ತದೆ. ಇಂಥ ಬಿರುಕುಗಳು ಚಕ್ರದ ಜಾಡಿನಲ್ಲಿ ಒಂದಕ್ಕೊಂದು ಕೂಡಿ ಮೊಸಳೆ ಚರ್ಮದ ಹಾಗೆ ಕಾಣುತ್ತವೆ. ಎಂಜಿನಿಯರುಗಳೂ ಅದನ್ನು ಹಾಗೇ ಕರೆಯುತ್ತಾರೆ. ದಪ್ಪ ಪದರದ ರಸ್ತೆಗಳಲ್ಲಿ ಬಿರುಕು ಮೇಲಿನಿಂದಲೂ ಇಳಿಯಬಹುದು, ಅದು ಬೇರೆ ಕಥೆ.

ಇದರಲ್ಲಿ ಭಾರದ ಪಾತ್ರ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಅದರ ಮೇಲೆ ಲಾರಿ ಓಡಿಸಿ ಲೆಕ್ಕ ಹಾಕಿದರು. ಒಂದು ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಹಿಡಿದಿಡುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು, ಅಂದರೆ 2×2×2×2! ಪುಣೆಯ ತುಂಬ ಸ್ಕೂಟರ್‌ಗಳಿವೆ, ಅಲ್ವಾ? ಈ ಲೆಕ್ಕದಲ್ಲಿ ಅವುಗಳಿಂದ ಆಗುವ ಹಾನಿ ಇಲ್ಲವೆಂದರೂ ಸರಿ. ರಸ್ತೆಯನ್ನು ದಣಿಸುವುದು ಕಾತ್ರಜ್ ಬೈಪಾಸಿನಲ್ಲಿ ಹೋಗುವಂಥ ತುಂಬಿದ ಲಾರಿಗಳು. ನಾಲ್ಕು ಚಕ್ರದ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 11.5 ಟನ್‌ಗೆ ಏರಿಸಿತು. ಭಾರ ಹೆಚ್ಚಿದ್ದು ಶೇ 13ರಷ್ಟು ಮಾತ್ರ. ಅದೇ ಲೆಕ್ಕ ಹಿಡಿದರೆ ಹಾನಿ ಶೇ 60ರಷ್ಟು ಹೆಚ್ಚುತ್ತದೆ. ಸಾಗಣೆ ಅಗ್ಗವಾಯಿತು ಅನ್ನುವವರು ಈ ಖರ್ಚನ್ನೂ ಜೊತೆಗೆ ಹೇಳಬೇಕು.

ಮಳೆ ಬರುವುದು ಇದೆಲ್ಲ ಆದಮೇಲೆ. ಬಿರುಕಿನಲ್ಲಿ ಇಳಿದ ನೀರು ಕೆಳಗಿನ ಜಲ್ಲಿ, ಮಣ್ಣನ್ನು ನೆನೆಸುತ್ತದೆ. ತಳಪಾಯ ಮೆತ್ತಗಾಗಿ ಡಾಂಬರು ಇನ್ನೂ ಹೆಚ್ಚು ಬಾಗುತ್ತದೆ. ಚಕ್ರ ಒತ್ತಿದಾಗಲೆಲ್ಲ ನೀರಿನ ಜೊತೆ ನುಣ್ಣನೆಯ ಮಣ್ಣು ಹೊರಗೆ ಚಿಮ್ಮುತ್ತದೆ. ಸೀಳಿದ ತುಂಡುಗಳು ಒಂದೊಂದಾಗಿ ಕಿತ್ತು ಬರುತ್ತವೆ.

ಇದಕ್ಕೆ ಮೇಲೆ ಸುಮ್ನೆ ತೆಳುವಾಗಿ ಡಾಂಬರು ಬಳಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆಳಗಿನ ಬಿರುಕು ಹೊಸ ಪದರದೊಳಗೂ ಹತ್ತುತ್ತದೆ. ಮೊಸಳೆ ಚರ್ಮ ಕಂಡ ಜಾಗವನ್ನು ಬೇಸಿಗೆಯಲ್ಲೇ ಅಗೆದು, ನೆನೆದ ಜಲ್ಲಿ ತೆಗೆದು, ನೀರು ಹರಿಯಲು ದಾರಿ ಮಾಡಿ, ಮತ್ತೆ ಪದರ ಪದರವಾಗಿ ಕಟ್ಟಬೇಕು. ಖರ್ಚು ಹೆಚ್ಚು, ನಿಜ. ಆದರೆ ಇದೇ ಊರಿನ ಜಂಗಲಿ ಮಹಾರಾಜ್ ರಸ್ತೆಯನ್ನು 1970ರ ದಶಕದಲ್ಲಿ 10 ವರ್ಷದ ಗ್ಯಾರಂಟಿ ಕೊಟ್ಟು ಮಾಡಿದ್ದರು. ಗ್ಯಾರಂಟಿ ಮುಗಿದ ಮೇಲೂ ದಶಕಗಟ್ಟಲೆ ಅದು ಚೆನ್ನಾಗಿಯೇ ಬಾಳಿತು.