ನೆರವಿಗೂ ನ್ಯೂನತೆಗೂ ನಡುವಿನ ಕೊಂಡಿ: ಎನ್‌ಡಿಐಎಸ್ ಸೇವಾ ಸಂಸ್ಥೆಗಳ ತರಬೇತಿಯ ಕುರಿತು

ಆಸ್ಟ್ರೇಲಿಯಾದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ, ಅಂದರೆ ಎಲ್ಲರೂ ಎನ್‌ಡಿಐಎಸ್ ಎಂದು ಕರೆಯುವ ಯೋಜನೆ, 2013ರ ಕಾಯ್ದೆಯಿಂದ ಹುಟ್ಟಿದ್ದು. ಇಂದು ಏಳು ಲಕ್ಷಕ್ಕೂ ಹೆಚ್ಚು ಜನ ಅದರ ಫಲಾನುಭವಿಗಳಾಗಿದ್ದಾರೆ. 2024ರ ಅಕ್ಟೋಬರ್ 3ರಂದು ಜಾರಿಗೆ ಬಂದ ತಿದ್ದುಪಡಿಯು ಈ ಕಾಯ್ದೆಯ 34ನೇ ಸೆಕ್ಷನ್ನಿಗೆ ಒಂದು ಷರತ್ತನ್ನು ಸೇರಿಸಿತು: ಹಣ ಮಂಜೂರಾಗುವ ನೆರವು, ಯೋಜನೆಯ ಪ್ರವೇಶದ ಮಾನದಂಡಗಳನ್ನು ಪೂರೈಸುವ ನ್ಯೂನತೆಯಿಂದಲೇ (ಅಂದರೆ ದೇಹ ಅಥವಾ ಮನಸ್ಸಿನ ಕ್ರಿಯೆಯಲ್ಲಿನ ಕೊರತೆಯಿಂದಲೇ) ಉಂಟಾದ ಅಗತ್ಯವನ್ನು ನೀಗಿಸುವಂತಿರಬೇಕು. ಓದಲು ಇದು ಸರಳವಾಗಿ ಕಾಣುತ್ತದೆ. ಆದರೆ ಜನರು ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದುಕೊಂಡು ಸೇವಾ ಸಂಸ್ಥೆಗಳ ಸಿಬ್ಬಂದಿಗೆ ತರಬೇತಿ ಕೊಡುವ ನನ್ನ ಅನುಭವದಲ್ಲಿ, ಸಂಸ್ಥೆಗಳು ಅತಿ ಹೆಚ್ಚು ಎಡವುವುದು ಇಲ್ಲಿಯೇ.

ಕಾಯ್ದೆ ನ್ಯೂನತೆಗಳನ್ನು ಬೌದ್ಧಿಕ, ಗ್ರಹಣ ಸಂಬಂಧಿ (ನೆನಪು, ಯೋಚನೆಗೆ ಸಂಬಂಧಿಸಿದ), ನರಸಂಬಂಧಿ, ಇಂದ್ರಿಯ ಸಂಬಂಧಿ ಮತ್ತು ದೈಹಿಕ ಎಂದು ಹೆಸರಿಸುತ್ತದೆ. ಜೊತೆಗೆ ಮನೋಸಾಮಾಜಿಕ ಅಂಗವೈಕಲ್ಯವನ್ನು, ಅಂದರೆ ಮಾನಸಿಕ ಕಾಯಿಲೆಯಿಂದ ಬರುವ ಅಂಗವೈಕಲ್ಯವನ್ನು, ಉಂಟುಮಾಡುವ ನ್ಯೂನತೆಗಳನ್ನೂ ಸೇರಿಸುತ್ತದೆ. 2025ರ ಜನವರಿ 1ರ ನಂತರ ಯೋಜನೆಗೆ ಸೇರುವವರಿಗೆ, ಇವುಗಳಲ್ಲಿ ಯಾವ ವರ್ಗದ ಮೇಲೆ ಪ್ರವೇಶ ದೊರೆತಿದೆ ಎಂಬುದನ್ನು ತಿಳಿಸುವ ನ್ಯೂನತೆಯ ನೋಟಿಸ್ ಕೊಡಲಾಗುತ್ತದೆ. ಅದಕ್ಕೂ ಮೊದಲು ಸೇರಿದ ಅನೇಕರ ಕಡತದಲ್ಲಿ ಮುಖ್ಯ ಅಂಗವೈಕಲ್ಯದ ಹೆಸರಷ್ಟೇ ಇರುತ್ತದೆ. ಹಾಗಾಗಿ ಹಳೆಯ ಫಲಾನುಭವಿಗಳ ವಿಷಯದಲ್ಲಿ, ಯಾವ ಆಧಾರದ ಮೇಲೆ ಪ್ರವೇಶ ಸಿಕ್ಕಿತ್ತು ಎಂಬುದನ್ನು ಅವರ ಒಪ್ಪಿಗೆ ಪಡೆದು ಪತ್ತೆ ಮಾಡುವುದೇ ಮೊದಲ ಕೆಲಸ.

ರೋಗದ ಹೆಸರನ್ನೇ ಕೊಂಡಿಯೆಂದು ಭಾವಿಸುವುದು ನಾನು ಪದೇ ಪದೇ ಕಾಣುವ ತಪ್ಪು. 'ಇವರಿಗೆ ಆಟಿಸಂ ಇದೆ, ಆದ್ದರಿಂದ ಸಪೋರ್ಟ್ ವರ್ಕರ್ ಬೇಕು' ಎಂಬ ವಾಕ್ಯದಲ್ಲಿ ನಡುವಿನ ಎರಡು ಹೆಜ್ಜೆಗಳು ಬಿಟ್ಟುಹೋಗಿವೆ. ನ್ಯೂನತೆಯಿಂದ ಯಾವ ಕೆಲಸ ಮಾಡಲಾಗುತ್ತಿಲ್ಲ, ಅದರಿಂದ ಯಾವ ಅಗತ್ಯ ಉಂಟಾಗಿದೆ ಎಂಬ ಎರಡಕ್ಕೂ ಉತ್ತರ ಸಿಕ್ಕ ನಂತರವೇ ನೆರವಿನ ಮಾತು ಬರಬೇಕು. ಸಂವಹನ, ಸಾಮಾಜಿಕ ಒಡನಾಟ, ಕಲಿಕೆ, ಓಡಾಟ, ಸ್ವಂತ ಆರೈಕೆ, ಸ್ವಂತ ವ್ಯವಹಾರಗಳ ನಿರ್ವಹಣೆ ಎಂಬ ಆರು ಕ್ಷೇತ್ರಗಳಲ್ಲಿ ವ್ಯಕ್ತಿಯ ಸಾಮರ್ಥ್ಯ ಎಷ್ಟು ಕುಗ್ಗಿದೆ ಎಂಬುದನ್ನು ಕಾಯ್ದೆಯೇ ಪ್ರವೇಶದ ಹಂತದಲ್ಲಿ ಕೇಳುತ್ತದೆ. ನೆರವನ್ನು ಸಮರ್ಥಿಸುವಾಗಲೂ ಅದೇ ಭಾಷೆ ನಮಗೆ ದಾರಿ ತೋರಿಸುತ್ತದೆ.

ತರಬೇತಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಸ್ನಾನದ ಉದಾಹರಣೆಯ ಮೇಲೆ. ಮೂವರಿಗೆ ಸ್ನಾನಕ್ಕೆಂದು ದಿನಕ್ಕೆ ಒಂದು ಗಂಟೆಯ ನೆರವಿದೆ ಎಂದುಕೊಳ್ಳೋಣ. ಮೊದಲನೆಯವರಿಗೆ ಬೆನ್ನುಹುರಿಗೆ ಪೆಟ್ಟಾಗಿದೆ. ಗಾಲಿಕುರ್ಚಿಯಿಂದ ಸ್ನಾನದ ಕುರ್ಚಿಗೆ ಅವರು ತಾವಾಗಿ ಹೋಗಲಾರರು. ಕಾಲಿನಲ್ಲಿ ಸ್ಪರ್ಶಜ್ಞಾನವಿಲ್ಲದ ಕಾರಣ ನೀರಿನ ಬಿಸಿಯನ್ನು ಬೇರೆಯವರು ನೋಡಬೇಕು, ಒತ್ತಡದ ಹುಣ್ಣು ಏಳುತ್ತಿದೆಯೇ ಎಂದು ಚರ್ಮವನ್ನು ಪರಿಶೀಲಿಸಬೇಕು. ಎರಡನೆಯವರಿಗೆ ಅಪಘಾತದಲ್ಲಿ ಮಿದುಳಿಗೆ ಗಾಯವಾಗಿದೆ. ಕೈಕಾಲು ಗಟ್ಟಿಯಾಗಿಯೇ ಇವೆ, ಆದರೆ ಕೆಲಸವನ್ನು ಶುರುಮಾಡುವುದು, ಒಂದರ ನಂತರ ಒಂದನ್ನು ಕ್ರಮವಾಗಿ ಮಾಡುವುದು ಅವರಿಗೆ ಆಗದು. ಇಲ್ಲಿ ವರ್ಕರ್ ಬಾಗಿಲ ಹೊರಗೆ ನಿಂತು ಹಂತ ಹಂತವಾಗಿ ನೆನಪಿಸಬೇಕೇ ಹೊರತು ತಾನೇ ಮೈ ತೊಳೆಯಬಾರದು, ತೊಳೆದರೆ ಉಳಿದಿರುವ ಸಾಮರ್ಥ್ಯವೂ ಹೋಗುತ್ತದೆ. ಮೂರನೆಯವರು ಸ್ಕಿಜೋಫ್ರೇನಿಯಾದಿಂದ ಬಳಲುತ್ತಿದ್ದಾರೆ. ಸ್ನಾನ ಹೇಗೆ ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು, ಮಾಡಲೂ ಬಲ್ಲರು; ಆದರೆ ಕಾಯಿಲೆ ಇಚ್ಛಾಶಕ್ತಿಯನ್ನೇ ಕುಗ್ಗಿಸಿರುವುದರಿಂದ ವಾರಗಟ್ಟಲೆ ಸ್ನಾನವಿಲ್ಲದೆ ಕಳೆಯುತ್ತಾರೆ, ನಂಬಿಕೆಯ ಒಬ್ಬ ವ್ಯಕ್ತಿ ನಿಗದಿತ ಸಮಯಕ್ಕೆ ಬಂದರೆ ಎದ್ದು ಹೋಗುತ್ತಾರೆ. ಮೊದಲನೆಯವರಿಗೆ ಮುಂದೆ ಬೇಕಾಗುವುದು ಹಾಯ್ಸ್ಟ್ (ಎತ್ತಿ ಕೂರಿಸುವ ಸಾಧನ) ಮತ್ತು ಸ್ನಾನಗೃಹದ ಮಾರ್ಪಾಡು, ಎರಡನೆಯವರಿಗೆ ಚಿತ್ರಪಟ್ಟಿ ಮತ್ತು ಕೌಶಲದ ತರಬೇತಿ, ಮೂರನೆಯವರಿಗೆ ಬಹುಶಃ ಮಾನಸಿಕ ಕಾಯಿಲೆ ಇರುವವರಿಗೆ ಚೇತರಿಕೆಯಲ್ಲಿ ಜೊತೆಯಾಗುವ ರಿಕವರಿ ಕೋಚ್. ಈ ಮೂವರ ದಿನಚರಿ ಪುಸ್ತಕದಲ್ಲೂ 'ಸ್ನಾನಕ್ಕೆ ಸಹಾಯ ಮಾಡಲಾಯಿತು, ದಿನ ಚೆನ್ನಾಗಿತ್ತು' ಎಂದೇ ಬರೆದಿದ್ದರೆ, ಅವರವರ ನೆರವಿನ ಯೋಜನೆಯ ಮರುಪರಿಶೀಲನೆ ಬಂದಾಗ ಯಾರ ಅಗತ್ಯವನ್ನೂ ಸಾಬೀತು ಮಾಡಲಾಗುವುದಿಲ್ಲ.

ಆದ್ದರಿಂದಲೇ ತರಬೇತಿ ಮ್ಯಾನೇಜರುಗಳಿಗಿಂತ ಮೊದಲು ಸಪೋರ್ಟ್ ವರ್ಕರುಗಳಿಗೆ ತಲುಪಬೇಕು ಎಂದು ನಾನು ಒತ್ತಾಯಿಸುತ್ತೇನೆ. ಸೆಕ್ಷನ್ನುಗಳನ್ನು ಪರದೆಯ ಮೇಲೆ ಓದಿಸುವ ತರಬೇತಿಯಿಂದ ಅವರಿಗೆ ಏನೂ ಸಿಗುವುದಿಲ್ಲ. ಅದರ ಬದಲು ಅವರದೇ ರೋಸ್ಟರಿನ ಒಂದು ಸಾಲನ್ನು ತೆಗೆದುಕೊಂಡು ಹಿಂದಕ್ಕೆ ನಡೆಯಿಸುತ್ತೇನೆ: ಮಂಗಳವಾರ ಅಂಗಡಿಗೆ ಜೊತೆಯಲ್ಲಿ ಹೋಗುವುದೇಕೆ, ನೀವು ಹೋಗದಿದ್ದರೆ ಏನಾಗುತ್ತದೆ, ಹಾಗಾಗುವುದಕ್ಕೆ ಕಾರಣ ಯಾವ ನ್ಯೂನತೆ, ಅದು ನೋಟಿಸಿನಲ್ಲಿದೆಯೇ. ಆಮೇಲೆ ಬರೆಯಲು ಹೇಳುತ್ತೇನೆ. 'ಅಂಗಡಿಗೆ ಹೋಗಿ ಬಂದೆವು' ಎಂಬುದು 'ಪಟ್ಟಿಯಲ್ಲಿದ್ದ ಸಾಮಾನನ್ನು ಹುಡುಕಲು ಮೂರು ಸಲ ನೆನಪಿಸಬೇಕಾಯಿತು. ಬಿಲ್ಲಿನ ಸಾಲಿನಲ್ಲಿ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಹೊರನಡೆದರು, ಹತ್ತು ನಿಮಿಷ ಜೊತೆಯಲ್ಲಿ ಕುಳಿತ ಮೇಲೆ ಮರಳಿ ಬಂದು ತಾವೇ ಹಣ ಕೊಟ್ಟರು' ಎಂದಾಗುವ ಹೊತ್ತಿಗೆ ಕೊಂಡಿ ಮೂಡಿರುತ್ತದೆ. ತಾವೇ ಹಣ ಕೊಟ್ಟರು ಎಂಬ ಭಾಗವನ್ನು ಬಿಡಬಾರದು. ಮಂಜೂರಾದ ಹಣ ಕೈತಪ್ಪದಿರಲೆಂದು ವ್ಯಕ್ತಿಯನ್ನು ಇರುವುದಕ್ಕಿಂತ ಅಸಹಾಯಕರನ್ನಾಗಿ ಚಿತ್ರಿಸುವುದು ಅವರ ಘನತೆಗೆ ಮಾಡುವ ಅನ್ಯಾಯ. ಪ್ರಾಮಾಣಿಕತೆಯನ್ನೂ ಖಾಸಗಿತನದ ಗೌರವವನ್ನೂ ಬಯಸುವ ಎನ್‌ಡಿಐಎಸ್ ನಡವಳಿಕೆ ಸಂಹಿತೆ, ನೋಂದಣಿಯಾಗದ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

ಕಷ್ಟದ ಪ್ರಶ್ನೆಗಳು ಎದುರಾಗುವುದು ಒಂದಕ್ಕಿಂತ ಹೆಚ್ಚು ತೊಂದರೆಗಳಿರುವವರ ವಿಷಯದಲ್ಲಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ ಒಬ್ಬರಿಗೆ ನರಸಂಬಂಧಿ ನ್ಯೂನತೆಯ ಮೇಲೆ ಪ್ರವೇಶ ಸಿಕ್ಕಿದೆ, ಖಿನ್ನತೆಯೂ ಇದೆ, ಆದರೆ ಅದು ನೋಟಿಸಿನಲ್ಲಿಲ್ಲ ಎನ್ನೋಣ. ಖಿನ್ನತೆಯ ಚಿಕಿತ್ಸೆ ಆರೋಗ್ಯ ವ್ಯವಸ್ಥೆಯ ಹೊಣೆ. ಅದನ್ನು ಎನ್‌ಡಿಐಎಸ್ ಹಣದಲ್ಲಿ ತುರುಕಲು ಹೋಗಬಾರದು. ಆದರೆ ಖಿನ್ನತೆಯ ದಿನಗಳಲ್ಲಿ ಅವರ ನರಸಂಬಂಧಿ ಆಯಾಸ ಹೆಚ್ಚಿ ಅಡುಗೆಮನೆಯಲ್ಲಿ ನಿಲ್ಲಲೂ ಆಗದಿದ್ದರೆ, ನೋಟಿಸಿನಲ್ಲಿರುವ ನ್ಯೂನತೆಯ ಪರಿಣಾಮ ಹೇಗೆ ಬದಲಾಯಿತು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಖಿನ್ನತೆಯೇ ಶಾಶ್ವತ ಸ್ವರೂಪದ್ದಾಗಿ ಬದುಕನ್ನು ಗಣನೀಯವಾಗಿ ಕುಗ್ಗಿಸಿದ್ದರೆ, ಅದನ್ನು ನೋಟಿಸಿಗೆ ಸೇರಿಸಲು ವೈದ್ಯಕೀಯ ಪುರಾವೆಯೊಂದಿಗೆ ಕೇಳುವುದೇ ನೇರ ದಾರಿ. ಇದರ ಜೊತೆಗೆ, ನ್ಯೂನತೆಗೆ ಕೊಂಡಿ ಇದ್ದ ಮಾತ್ರಕ್ಕೆ ಎಲ್ಲದಕ್ಕೂ ಹಣ ಸಿಗುವುದಿಲ್ಲ ಎಂಬುದನ್ನೂ ಸಿಬ್ಬಂದಿ ತಿಳಿದಿರಬೇಕು. ಅಡುಗೆ ಮಾಡಿಕೊಡುವ ಶ್ರಮಕ್ಕೆ ಹಣ ಬರಬಹುದು, ದಿನಸಿಗೆ ಬಾರದು. ಮನೆ ಬಾಡಿಗೆಯೂ ಹಾಗೆಯೇ.

ಆಸ್ಟ್ರೇಲಿಯಾದಲ್ಲಿರುವ ಕನ್ನಡ ಕುಟುಂಬಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಅನೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯದ ಮಿತಿಯನ್ನು ಇಟ್ಟಿದೆ. ಆ ಶೇಕಡಾವಾರನ್ನು ತೋರಿಸುವ ಪ್ರಮಾಣಪತ್ರವನ್ನು ಜೋಪಾನವಾಗಿ ತಂದ ತಂದೆತಾಯಿ, ಇಲ್ಲಿಯೂ ಶೇಕಡಾವಾರು ಲೆಕ್ಕದಲ್ಲೇ ನೆರವು ನಿರ್ಧಾರವಾಗುತ್ತದೆ ಎಂದುಕೊಂಡಿರುತ್ತಾರೆ. ಪೌರತ್ವ ಅಥವಾ ಶಾಶ್ವತ ವೀಸಾ ಇದ್ದು ಯೋಜನೆಗೆ ಅರ್ಹರಾದ ಮೇಲೂ ಆ ಕಲ್ಪನೆ ಹೋಗುವುದಿಲ್ಲ. ಅದಕ್ಕಿಂತ ಹೆಚ್ಚು ನಷ್ಟ ಮಾಡುವುದು ಸಭೆಯಲ್ಲಿ ತಾಯಿ ಹೇಳುವ 'ಪರವಾಗಿಲ್ಲ, ಮನೇಲಿ ನಾವೇ ನೋಡ್ಕೋತೀವಿ' ಎಂಬ ಮಾತು. ಕುಟುಂಬದವರಿಂದ ಎಷ್ಟು ನೆರವನ್ನು ನಿರೀಕ್ಷಿಸುವುದು ನ್ಯಾಯ ಎಂಬುದನ್ನೂ 34ನೇ ಸೆಕ್ಷನ್ ಪರಿಗಣಿಸುತ್ತದೆ. ಹೀಗಾಗಿ ಪ್ರೀತಿಯಿಂದ ಆಡಿದ ಆ ಮಾತು, ಅಗತ್ಯ ಈಗಾಗಲೇ ನೀಗಿದೆ ಎಂಬ ಅರ್ಥದಲ್ಲಿ ದಾಖಲಾಗಬಹುದು. 'ನಿಮ್ಮ ಮಗನ ಹನ್ನೊಂದು ವರ್ಷದ ಗೆಳೆಯನಿಗೆ ಅವನಮ್ಮ ಈಗಲೂ ಊಟ ಮಾಡಿಸ್ತಾರಾ, ಅಮ್ಮಾ? ರಾತ್ರಿ ಎಷ್ಟು ಸಲ ಏಳ್ತಾರೆ?' ಎಂದು ಕೇಳಿದರೆ ಮಾತ್ರ, ತಾಯಿ ತನ್ನ ಕರ್ತವ್ಯವೆಂದು ಎಣಿಸಿದ್ದರಲ್ಲಿ ಎಷ್ಟು ಭಾಗ ಮಗನ ನ್ಯೂನತೆಯಿಂದ ಬಂದದ್ದು ಎಂಬುದು ಹೊರಬರುತ್ತದೆ. ಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಈ ಪ್ರಶ್ನೆಯನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ಕೇಳಬಲ್ಲರು.

ನೆರವು ನಿರಾಕರಣೆಯಾದರೆ ಮೂರು ತಿಂಗಳೊಳಗೆ ಆಂತರಿಕ ಪರಿಶೀಲನೆ ಕೋರಬಹುದು, ಅಲ್ಲಿಯೂ ಒಪ್ಪಿಗೆಯಾಗದಿದ್ದರೆ 2024ರ ಅಕ್ಟೋಬರಿನಲ್ಲಿ ಆರಂಭವಾದ ಆಡಳಿತ ಪರಿಶೀಲನಾ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಥೆರಪಿಸ್ಟಿನ ವರದಿಗೆ ಬಲ ಕೊಡುವುದು ದಿನಾಂಕ ಸಮೇತ ಬರೆದ ಆ ದಿನಚರಿ ಟಿಪ್ಪಣಿಗಳೇ. ಆದರೆ ಅನೇಕ ಸಂಸ್ಥೆಗಳಲ್ಲಿ ಟಿಪ್ಪಣಿ ಬರೆಯುವ ಸಮಯಕ್ಕೆ ಸಂಬಳವಿಲ್ಲ; ವರ್ಕರ್ ಮುಂದಿನ ಮನೆಗೆ ಓಡುತ್ತಾ ಫೋನಿನಲ್ಲಿ ಒಂದು ಸಾಲು ಒತ್ತಿ ಮುಗಿಸುತ್ತಾರೆ. ಹಾಗಾಗಿ ತರಬೇತಿಗೆ ಕರೆಯುವ ಪ್ರತಿ ಸಂಸ್ಥೆಗೂ ನಾನು ಮೊದಲೇ ಒಂದು ಬೇಡಿಕೆ ಇಡುತ್ತೇನೆ: ಶಿಫ್ಟಿನ ಕೊನೆಯ ಹತ್ತು ನಿಮಿಷವನ್ನು ಬರವಣಿಗೆಗೆಂದು ರೋಸ್ಟರಿನಲ್ಲೇ ಸೇರಿಸಿ, ಅದಕ್ಕೂ ಸಂಬಳ ಕೊಡಿ.