‘ಪರ್ವೇ’ ಕ್ರಿಯಾಪದದ ಬಳಕೆ: ಸರಕಿನೊಂದಿಗೆ ಮತ್ತು ವಿಚಾರದೊಂದಿಗೆ

ಇಂಗ್ಲಿಷಿನ ‘ಪರ್ವೇ’ (purvey, ಅಂದರೆ ಒದಗಿಸು, ಪೂರೈಸು) ಹೆಚ್ಚಾಗಿ ಔಪಚಾರಿಕ ಬರವಣಿಗೆಯಲ್ಲಿ ಕಾಣಸಿಗುವ ಕ್ರಿಯಾಪದ. ಆಡುಮಾತಿನಲ್ಲಿ ಅದರ ಜಾಗಕ್ಕೆ ‘ಸಪ್ಲೈ’ ಅಥವಾ ‘ಸೆಲ್’ ಬರುತ್ತದೆ. ಉಚ್ಚಾರಣೆಯ ಒತ್ತು ಎರಡನೆಯ ಅಕ್ಷರದ ಮೇಲಿದೆ. ಇದು ಸಕರ್ಮಕ ಧಾತು. ಪೂರೈಕೆಯಾಗುವ ವಸ್ತುವೇ ಇದರ ಕರ್ಮ, ಪಡೆಯುವವರನ್ನು ‘ಟು’ ಸೇರಿಸಿ ಹೇಳಬೇಕು. ‘ಪ್ರೊವೈಡ್’ ಪದದಂತೆ ವ್ಯಕ್ತಿಯನ್ನು ಕರ್ಮವಾಗಿಸಿ ‘ವಿತ್’ ಬಳಸುವ ರಚನೆ ಇದಕ್ಕೆ ಒಗ್ಗುವುದಿಲ್ಲ.

‘ಪರ್ವೇ’, ‘ಪ್ರೊವೈಡ್’ ಎರಡೂ ಪದಗಳ ಮೂಲ ಒಂದೇ: ಮುಂದಾಗುವುದನ್ನು ಕಾಣುವುದು ಎಂಬರ್ಥದ ಲ್ಯಾಟಿನ್ ಧಾತು. ‘ಪರ್ವೇ’ ಫ್ರೆಂಚ್ ಮೂಲಕ ಬಂದದ್ದರಿಂದ ಅದರ ರೂಪ ಹೆಚ್ಚು ಬದಲಾಗಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜನ ಮನೆತನಕ್ಕಾಗಿ ಧಾನ್ಯ, ಮಾಂಸಗಳನ್ನು ಕಡಿಮೆ ಬೆಲೆಗೆ ಬಲವಂತವಾಗಿ ಪಡೆಯುತ್ತಿದ್ದ ಅಧಿಕಾರಿಗಳನ್ನು ‘ಪರ್ವೇಯರ್’ ಎನ್ನುತ್ತಿದ್ದರು. ಜನರಿಗೆ ಆ ಹೆಸರೇ ಎಷ್ಟು ಅಸಹ್ಯವಾಗಿತ್ತೆಂದರೆ, 1362ರ ಶಾಸನವು ಅದನ್ನು ‘ಕೊಳ್ಳುವವನು’ ಎಂದು ಬದಲಿಸಿತು. ಹೀಗೆ ಬಲವಂತವಾಗಿ ಪಡೆಯುವ ರಾಜನ ಹಕ್ಕು ರದ್ದಾದದ್ದು 1660ರಲ್ಲಿ. ಇಂದು ಅದೇ ‘ಪರ್ವೇಯರ್’ ಪದವನ್ನು ಉತ್ತಮ ಆಹಾರ ಪದಾರ್ಥಗಳ ವ್ಯಾಪಾರಿಗಳು ತಮ್ಮ ನಾಮಫಲಕದಲ್ಲಿ ಹೆಮ್ಮೆಯಿಂದ ಬರೆಸುತ್ತಾರೆ.

ಕಲಿಯುವವರು ಹೆಚ್ಚು ಗಮನ ಕೊಡಬೇಕಾದದ್ದು ವಿಚಾರಗಳ ವಿಷಯದಲ್ಲಿ. ಕರ್ಮಸ್ಥಾನದಲ್ಲಿ ಮಾಂಸ, ಚೀಸ್, ವೈನ್ ಇದ್ದಾಗ ಗೌರವದ ಧ್ವನಿಯಿರುವ ಈ ಕ್ರಿಯಾಪದ, ಅಲ್ಲಿ ಸುದ್ದಿ, ಅಭಿಪ್ರಾಯ ಅಥವಾ ಸಿದ್ಧಾಂತ ಬಂದಕೂಡಲೇ ಬಹುಮಟ್ಟಿಗೆ ಆಕ್ಷೇಪದ ಧ್ವನಿ ಪಡೆಯುತ್ತದೆ. ಪತ್ರಿಕಾ ಬರಹದಲ್ಲಿ ಅದರ ಜೊತೆ ಸುಳ್ಳು, ಗಾಳಿಮಾತು, ಅರ್ಧಸತ್ಯ, ತಪ್ಪು ಮಾಹಿತಿಗಳೇ ಹೆಚ್ಚಾಗಿ ಕಾಣುತ್ತವೆ, ಏಕೆಂದರೆ ಹೇಳುವವನು ಮಾತನ್ನು ನಂಬಿ ಹೇಳುತ್ತಿಲ್ಲ, ಗಿರಾಕಿಗೆ ಬೇಕಾದ ಸರಕಿನಂತೆ ಒದಗಿಸುತ್ತಿದ್ದಾನೆ ಎಂಬ ಸೂಚನೆ ಆ ಪದದೊಳಗಿದೆ. ಮಾಹಿತಿಯಂತಹ ತಟಸ್ಥ ಕರ್ಮದೊಂದಿಗೂ ಅದು ಬರುವುದುಂಟು. ಆದರೂ ಶಿಕ್ಷಕರೊಬ್ಬರನ್ನು ಹೊಗಳುವ ಉದ್ದೇಶದಿಂದ ಅವರು ಜ್ಞಾನವನ್ನು ‘ಪರ್ವೇ’ ಮಾಡುತ್ತಾರೆಂದು ಬರೆದರೆ, ಓದುಗನಿಗೆ ಅದರಲ್ಲಿ ಲಘುವಾದ ಅವಹೇಳನ ಕೇಳಿಸಬಹುದು. ಅಲ್ಲಿ ‘ಇಂಪಾರ್ಟ್’ (ಜ್ಞಾನವನ್ನು ನೀಡು) ಎಂಬ ಪದವೇ ಸೂಕ್ತವೆಂದು ನನ್ನ ಅಭಿಪ್ರಾಯ.

‘ಸ್ಪ್ರೆಡ್’ ಇದಕ್ಕೆ ಪೂರ್ಣ ಸಮಾನಾರ್ಥಕವಲ್ಲ. ವದಂತಿ ತಾನಾಗಿ ‘ಸ್ಪ್ರೆಡ್’ ಆಗಬಹುದು, ಆದರೆ ‘ಪರ್ವೇ’ ಕ್ರಿಯೆಗೆ ಕರ್ತೃ ಇರಲೇಬೇಕು, ಅದೂ ಸಾಮಾನ್ಯವಾಗಿ ಅದನ್ನೇ ರೂಢಿ ಮಾಡಿಕೊಂಡ ವ್ಯಕ್ತಿ ಅಥವಾ ಸಂಸ್ಥೆ. ಆದ್ದರಿಂದ ಯಾರೋ ಒಮ್ಮೆ ಕಿವಿಯಲ್ಲಿ ಉಸುರಿದ ಮಾತಿಗೆ ಈ ಪದ ಭಾರವಾಗುತ್ತದೆ. ದಿನವೂ ಅಂಥ ಮಾತನ್ನೇ ಉಣಬಡಿಸುವ ಪತ್ರಿಕೆಗೆ ಅದು ಸರಿಹೊಂದುತ್ತದೆ.