ಕುಲಾಂತರಿ ಬೆಳೆ

ಒಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ತೆಗೆದು, ಸಹಜ ಪರಾಗಸ್ಪರ್ಶದಿಂದ ಎಂದೂ ಕೂಡದ ಇನ್ನೊಂದು ಗಿಡಕ್ಕೆ ಸೇರಿಸಿದರೆ ಅದು ಕುಲಾಂತರಿ ಬೆಳೆ. ಭಾರತದಲ್ಲಿ ಇದಕ್ಕೆ ಮೊದಲ ಉದಾಹರಣೆ 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿ. ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಅದರ ವಂಶವಾಹಿ ಪಡೆದ ಹತ್ತಿ ಗಿಡ ತಾನೇ ಒಂದು ಪ್ರೋಟೀನ್ ತಯಾರಿಸುತ್ತದೆ. ಅದನ್ನು ತಿಂದ ಕಾಯಿಕೊರಕದ ಕರುಳು ತೂತಾಗಿ ಹುಳು ಸಾಯುತ್ತದೆ. ರಸ ಹೀರುವ ಕೀಟಗಳಿಗೆ ಇದರಿಂದ ಏನೂ ಆಗುವುದಿಲ್ಲ, ಅವಕ್ಕೆ ಔಷಧಿ ಹೊಡೆಯಲೇಬೇಕು.

ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ. ಎರಡು ತಳಿಗಳನ್ನು ಪರಾಗಸ್ಪರ್ಶದಿಂದಲೇ ಕೂಡಿಸಿ ಪಡೆದದ್ದು ಹೈಬ್ರಿಡ್. ನಮ್ಮ ವಾಗ್ವಾದಗಳು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಬಿಟಿ ಬಂದ ಮೇಲೆ ರೈತ ವರ್ಷವರ್ಷವೂ ಬೀಜ ಕೊಳ್ಳುವಂತಾಯಿತು ಎನ್ನುತ್ತಾರೆ. ಬೀಜ ಕೊಳ್ಳಬೇಕಾಗಿರುವುದು ನಿಜ, ಆದರೆ ಅದಕ್ಕೆ ಮುಖ್ಯ ಕಾರಣ ಬಿಟಿ ವಂಶವಾಹಿಯಲ್ಲ. ಇಲ್ಲಿ ಬಿಟಿಯನ್ನು ಹೈಬ್ರಿಡ್ ತಳಿಗಳಲ್ಲಿ ಇಟ್ಟು ಮಾರಿದರು. ಹೈಬ್ರಿಡ್ ಬೆಳೆಯ ಬೀಜ ಎತ್ತಿಟ್ಟು ಬಿತ್ತಿದರೆ ಮೊದಲಿನ ಇಳುವರಿ ಬಾರದು. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಹೈಬ್ರಿಡ್ ಹತ್ತಿ 1970ರ ದಶಕದಲ್ಲೇ ಹೊಲಕ್ಕೆ ಬಂದಿತ್ತು. ಬೀಜದ ಬೆಲೆ, ಕಂಪನಿಯ ಹಿಡಿತ ಇವೆಲ್ಲ ದೊಡ್ಡ ಪ್ರಶ್ನೆಗಳೇ. ಅವನ್ನು ಹೈಬ್ರಿಡ್ ನೀತಿ, ಪೇಟೆಂಟುಗಳ ಹೆಸರಲ್ಲೇ ಕೇಳಿದರೆ ಉತ್ತರ ಸಿಕ್ಕೀತು.

ಬಿಟಿ ಗೆದ್ದಿತು ಎನ್ನುವವರೂ ಅರ್ಧವನ್ನೇ ಹೇಳುತ್ತಾರೆ. ಎಲ್ಲ ಗಿಡಗಳೂ ವಿಷ ಹೊತ್ತಿದ್ದರೆ ಅದನ್ನು ತಾಳಿಕೊಂಡ ಹುಳುಗಳಷ್ಟೇ ಉಳಿದು, ತಮ್ಮತಮ್ಮಲ್ಲೇ ಕೂಡಿ ಸಂತತಿ ಬೆಳೆಸುತ್ತವೆ. ಇದನ್ನು ತಡೆಯಲು ಹೊಲದ ಸುತ್ತ ಒಂದಿಷ್ಟು ಬಿಟಿ ಅಲ್ಲದ ಹತ್ತಿ ಹಾಕಬೇಕು, ಅಲ್ಲಿ ಬದುಕುಳಿದ ಸಾಮಾನ್ಯ ಹುಳುಗಳು ವಿಷ ತಾಳಿಕೊಂಡವುಗಳ ಜೊತೆ ಕೂಡಲಿ ಎಂಬ ನಿಯಮವಿತ್ತು; ಅದಕ್ಕಾಗಿ ಬೀಜದ ಜೊತೆ ಬೇರೊಂದು ಪೊಟ್ಟಣವನ್ನೂ ಕೊಡುತ್ತಿದ್ದರು. ಹುಳುವಿಗೆಂದು ಹೊಲ ಬಿಟ್ಟುಕೊಡಿ ಎಂದರೆ ಎರಡೆಕರೆಯ ರೈತ ಒಪ್ಪುವುದಾದರೂ ಹೇಗೆ? ಹೆಚ್ಚಿನವರು ಬಿತ್ತಲಿಲ್ಲ. ಈಗ ಗುಲಾಬಿ ಕಾಯಿಕೊರಕ, ಆಮೇಲೆ ಬಂದ ಎರಡು ವಂಶವಾಹಿಗಳ ಬಿಟಿಯನ್ನೂ ಜೀರ್ಣಿಸಿಕೊಂಡಿದೆ.

ಬದನೆಯ ಪ್ರಶ್ನೆ ಮತ್ತೂ ಬೇರೆ. ಅದು ಊಟದ ತಟ್ಟೆಗೆ ಬರುವಂಥದ್ದು, ಮೇಲಾಗಿ ಮಟ್ಟು ಗುಳ್ಳದಂಥ ಊರೂರಿನ ತಳಿಗಳಿರುವ ನಾಡಿನ ಬೆಳೆ. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟರೂ, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿ, 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಸಭೆಗಳಲ್ಲಿ ಗದ್ದಲವೇ ಜಾಸ್ತಿಯಿತ್ತು. ಆದರೂ ರೈತರು, ವಿಜ್ಞಾನಿಗಳು, ಬೀಜದವರು ಒಂದೇ ಸೂರಿನಡಿ ಮಾತಾಡಿದ ಅಂಥ ಸಂದರ್ಭಗಳು ನಮ್ಮಲ್ಲಿ ಕಡಿಮೆ. ಬಾಂಗ್ಲಾದೇಶ 2014ರಿಂದ ಬಿಟಿ ಬದನೆ ಬೆಳೆಯುತ್ತಿದೆ. ಅಲ್ಲಿನ ಅನುಭವವನ್ನು ಇಲ್ಲಿ ಎರಡೂ ಕಡೆಯವರು ಕೂತು ಓದಬೇಕಿತ್ತು.

ದೆಹಲಿ ವಿಶ್ವವಿದ್ಯಾಲಯ ರೂಪಿಸಿದ ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಗೆ ಈ ಯಾವ ವಾದವೂ ನೇರವಾಗಿ ಹೊಂದದು. ಅದರಲ್ಲಿ ಬಿಟಿಯೇ ಇಲ್ಲ, ರೂಪಿಸಿದ್ದು ಖಾಸಗಿ ಕಂಪನಿಯೂ ಅಲ್ಲ. ಹೈಬ್ರಿಡ್ ಬೀಜ ಮಾಡಲು ಅನುಕೂಲವಾಗುವಂತೆ ವಂಶವಾಹಿ ಸೇರಿಸಿದ್ದಾರೆ, ಅದರೊಡನೆ ಒಂದು ಕಳೆನಾಶಕವನ್ನು ತಾಳುವ ಗುಣವೂ ಬಂದಿದೆ. ಬೀಜ ಮಾಡುವಾಗಷ್ಟೇ ಬಳಸಬೇಕಾದ ಆ ಕಳೆನಾಶಕವನ್ನು ರೈತರು ಹೊಲದಲ್ಲೂ ಸುರಿದರೆ ಕಳೆ ತೆಗೆಯುವ ಹೆಣ್ಣುಮಕ್ಕಳ ಕೂಲಿ ಏನಾದೀತು, ಸಾಸಿವೆ ಹೂವಿಗೆ ಬರುವ ಜೇನಿಗೆ ಏನಾದೀತು ಎಂಬುದು ಇಲ್ಲಿನ ಪ್ರಶ್ನೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ಸಾಸಿವೆಯ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಆದರೆ ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿಯೊಂದು ಬೇಕು, ಅದನ್ನು ರೈತರನ್ನೂ ರಾಜ್ಯಗಳನ್ನೂ ಕೇಳಿಯೇ ಮಾಡಬೇಕು ಎಂಬಲ್ಲಿ ಇಬ್ಬರೂ ಒಂದೇ ಮಾತು ಹೇಳಿದರು.